ಡ್ರ್ಯಾಗನ್ ಸೈ, ಕೆನ್ನೆಯ ರೋಮ ಮಾತ್ರ ಸುಳ್ಳು

2024ರ ಡಿಸೆಂಬರಿನಲ್ಲಿ ದಿ ವಿಚರ್ ಎಂಬ ವಿಡಿಯೋ ಗೇಮಿನ ನಾಲ್ಕನೇ ಆಟದ ಟ್ರೇಲರ್ ಬಂದಿದ್ದೇ ತಡ, ಹಾಸನದ ಟೀ ಅಂಗಡಿಗಳಲ್ಲೂ ಶರೀರಶಾಸ್ತ್ರದ ಪಂಡಿತರು ಹುಟ್ಟಿಕೊಂಡರು. ವಿಷಯ ಇಷ್ಟೇ, ಈ ಸಲ ಕತ್ತಿ ಹಿಡಿದ ಮುಖ್ಯ ಪಾತ್ರ ಒಬ್ಬ ಹೆಣ್ಣು, ಸಿರಿ. ರಾಕ್ಷಸಬೇಟೆಗೆ ಇಳಿಯುವ ಮುಂಚೆ ಕುಡಿಯಬೇಕಾದ ಆ ಕಷಾಯ ಹೆಣ್ಣುಮೈಗೆ ಒಗ್ಗೋದಿಲ್ಲವಂತೆ. ತಾವೇ ಒಲೆ ಮುಂದೆ ಕೂತು ಕಾಯಿಸಿದವರ ಹಾಗೆ ಹೇಳ್ತಾರೆ. ಅದೇ ಲೋಕದಲ್ಲಿ ಹದ್ದಿನ ತಲೆ, ಸಿಂಹದ ಮೈ ಇರುವ ಗ್ರಿಫಿನ್ ಹಾರಾಡುತ್ತೆ, ಅದಕ್ಕೆ ತಕರಾರಿಲ್ಲ. 2022ರಲ್ಲಿ ಹೊರೈಜನ್ ಆಟದ ನಾಯಕಿ ಏಲಾಯ್ ಕೆನ್ನೆ ಮೇಲೆ ಬಿಸಿಲಿಗೆ ಮಿನುಗುವ ಸಣ್ಣ ರೋಮ ಕಂಡಾಗಲೂ ಹೀಗೇ ಬೆಚ್ಚಿಬಿದ್ದಿದ್ದರು. ಆ ಆಟದ ತುಂಬ ಓಡಾಡೋದು ಲೋಹದ ಡೈನೋಸಾರ್‌ಗಳು. ಅವು ಸಹಜ, ರೋಮ ಅಸಹಜ.

ಈ ಸಹಜತೆಯ ಭಕ್ತರು ಆಟದ ಹೆಣ್ಣುಗಳ ಎದೆಕವಚದ ಬಗ್ಗೆ ಮಾತ್ರ ಉಸಿರೆತ್ತೋದಿಲ್ಲ. ಹಿಂದೆ ಯುರೋಪಿನ ಯೋಧರು ಮೈತುಂಬ ತೊಡುತ್ತಿದ್ದ ನಿಜವಾದ ಉಕ್ಕಿನ ಕವಚ 15ರಿಂದ 25 ಕೆ.ಜಿ. ತೂಗುತ್ತಿತ್ತು. ಎದೆಯ ಭಾಗ ಒಂದೇ ಉಬ್ಬಾಗಿ ಮುಂದಕ್ಕೆ ಬಂದಿರುತ್ತಿತ್ತು, ಬಿದ್ದ ಏಟು ಪಕ್ಕಕ್ಕೆ ಜಾರಿಹೋಗಲಿ ಅಂತ. ಒಳಗೆ ದಪ್ಪನೆ ಹೊಲಿದ ಅಂಗಿ ಬೇರೆ. ಆ ಉಬ್ಬಿನೊಳಗೆ ಗಂಡೂ ಹಿಡಿಸ್ತಾನೆ, ಹೆಣ್ಣೂ ಹಿಡಿಸ್ತಾಳೆ. ಆಟದ ಕಮ್ಮಾರ ಹಾಗಲ್ಲ, ಮಹಾ ರಸಿಕ. ಎರಡು ಬಟ್ಟಲು ಬಡಿದು ಕೂಡಿಸಿ ನಡುವೆ ಒಂದು ಕಣಿವೆ ಬಿಡ್ತಾನೆ. ಈಟಿ ಬಟ್ಟಲಿನ ಒಳಮಗ್ಗುಲಿಗೆ ತಗುಲಿದರೆ ಜಾರಿ ನೆಟ್ಟಗೆ ಆ ಕಣಿವೆಗೇ ಬರುತ್ತೆ, ಅದರ ಹಿಂದೆಯೇ ಎದೆಮೂಳೆ. ಶತ್ರುವಿಗೆ ದಾರಿ ತೋರಿಸುವ ಇಂಥ ಕವಚವನ್ನು ಬೇರೆ ಯಾವ ಕಾಲದಲ್ಲೂ ಯಾರೂ ಮಾಡಿರಲಿಕ್ಕಿಲ್ಲ. ಹೊಕ್ಕುಳಿಗಂತೂ ಯಾವಾಗಲೂ ಗಾಳಿ ಬೆಳಕು ಬೇಕು.

ಮೂಡಿಗೆರೆ ಕಡೆ ಕಾಫಿ ಕುಯ್ಯೋಕೆ ಹೊರಟ ಹೆಂಗಸರನ್ನು ಒಂದು ಸಲ ನೋಡಿ. ಸೀರೆ ಮೇಲಕ್ಕೆ ಸಿಕ್ಕಿಸಿ, ಅದರ ಮೇಲೆ ಗಂಡನ ಹಳೇ ತುಂಬುತೋಳಿನ ಷರ್ಟು, ಗುಂಡಿ ಕತ್ತಿನವರೆಗೆ, ತಲೆಗೆ ಬಿಗಿದ ಟವೆಲ್ಲು. ಯಾಕೆ? ಕಾಫಿ ಗಿಡದ ರೆಕ್ಕೆ, ಅಂದರೆ ಕೊಂಬೆ, ಬಗ್ಗಿಸಿದರೆ ಕಚ್ಚುವ ಕೆಂಪಿರುವೆಯ ಚಗಳಿಗೂಡು ಉದುರಿ ಕತ್ತಿನೊಳಗೆ ಇಳಿಯುತ್ತೆ. ಮಳೆಗಾಲವಾದರೆ ಪ್ಲಾಸ್ಟಿಕ್ ಕೊಪ್ಪೆ, ಇಂಬಳ ಹತ್ತದ ಹಾಗೆ ಕಾಲಿಗೆ ಹೊಗೆಸೊಪ್ಪು, ಸುಣ್ಣ. ಒಂದು ಇರುವೆಗೆ ಇಷ್ಟು ತಯಾರಿ. ಬೆಂಕಿ ಉಗುಳುವ ಡ್ರ್ಯಾಗನ್ ಮುಂದೆ ಎರಡು ಬಟ್ಟಲು, ಒಂದು ಪಟ್ಟಿ.

ಬೇಲೂರಿನ ಮದನಿಕೆಯರ ಮೈಮೇಲೂ ಬಟ್ಟೆ ಕಡಿಮೆಯೇ ಅಲ್ವಾ ಅಂತ ನಡುವೆ ಬಾಯಿ ಹಾಕಬೇಡಿ. ಅವರಲ್ಲಿ ಹೆಚ್ಚಿನವರು ಕುಣಿಯಲು, ಕನ್ನಡಿ ನೋಡಿಕೊಳ್ಳಲು ನಿಂತವರು, ಮುತ್ತಿಗೆಗೆ ಹೊರಟವರಲ್ಲ. ಹೆಂಗಸರು ಯುದ್ಧ ಮಾಡಿದ್ದು ಯಾವ ಚರಿತ್ರೆಯಲ್ಲಿದೆ ಅನ್ನೋರಿಗೆ ಉತ್ತರ ಅದೇ ಹೊಯ್ಸಳರ ಮನೆಯಲ್ಲಿದೆ: ಎರಡನೇ ವೀರಬಲ್ಲಾಳನ ರಾಣಿ ಉಮಾದೇವಿ ದಂಡು ನಡೆಸಿದವಳು. ಬೇಲೂರಿನ 1117ರ ಆ ಗುಡಿಯೊಳಗೆ ಮೋಹಿನಿ ಕೆತ್ತಿದ ಕಂಬವೂ ಇದೆ. ವಿಷ್ಣು ಹೆಣ್ಣಾಗಿ ನಿಂತಿದ್ದಾನೆ, ಜನ ಕೈಮುಗಿದು ಮುಂದೆ ಹೋಗ್ತಾರೆ. 2023ರ ಬಾಲ್ಡರ್ಸ್ ಗೇಟ್ ಮೂರು ಆಟದಲ್ಲಿ ನಮ್ಮ ಪಾತ್ರದ ಮೈಕಟ್ಟು, ದನಿ, ಸರ್ವನಾಮ ಮೂರನ್ನೂ ಬೇರೆಬೇರೆಯಾಗಿ ಆರಿಸಬಹುದು ಅಂದ ಕೂಡಲೇ ಸಂಸ್ಕೃತಿ ಮುಳುಗಿಹೋಯಿತು.

ಸರ್ವನಾಮದ ಮಾತು ಬಂತಲ್ಲ, ಇಂಥ ಆಟ ಕನ್ನಡಕ್ಕೆ ಬಂದರೆ ಇರುವ ಮಜವೇ ಬೇರೆ. ಇಂಗ್ಲಿಷಿನಲ್ಲಿ ಒಂದು ಪದ ಬದಲಿಸಿದರೆ ಹೆಚ್ಚುಕಡಿಮೆ ಮುಗೀತು, ನಮ್ಮಲ್ಲಿ ಕ್ರಿಯಾಪದದ ಬಾಲವೂ ತಿರುಗಬೇಕು. ಹೆಸರಿನ ಜಾಗ ಖಾಲಿ ಬಿಟ್ಟು ಮುಂದೆ 'ಬಂದನು' ಅಂತ ಬರೆದಿಟ್ಟರೆ ಪರದೆ ಮೇಲೆ 'ಮಹಾರಾಣಿ ಬಂದನು' ಅಂತ ಮೂಡುತ್ತೆ. ಪ್ರತಿ ಸಾಲಿಗೂ ಬಂದನು, ಬಂದಳು ಎರಡನ್ನೂ ಬರೆಯಬೇಕು, ಇಲ್ಲವೇ 'ಬಂದರು' ಅಂತ ಮರ್ಯಾದೆಯಾಗಿ ಮುಗಿಸಬೇಕು. ಆ 'ರು'ಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಎದುರೆದುರು ಮಾತಾಡುವಾಗ 'ಬಂದೆ', 'ಬಂದೆಯಾ' ಅನ್ನೋಕೆ ಲಿಂಗವೇ ಬೇಡ, ಹಿಂದಿಯವರಿಗೆ ಈ ಭಾಗ್ಯವಿಲ್ಲ. ಜಗತ್ತು ಜಗಳವಾಡುತ್ತಿರುವ ವಿಷಯವನ್ನು ನಮ್ಮ ಬಸ್ ಕಂಡಕ್ಟರು 'ಮುಂದೆ ಹೋಗ್ರೀ' ಅನ್ನೋದರಲ್ಲೇ ಮುಗಿಸಿಬಿಟ್ಟಿದ್ದಾರೆ.

ನಗು ನಿಲ್ಲೋದು 2014ರ ಅಸಾಸಿನ್ಸ್ ಕ್ರೀಡ್ ಯೂನಿಟಿ ಆಟ ನೆನಪಾದಾಗ. ನಾಲ್ವರು ಕೂಡಿಯೂ ಆಡಬಹುದಾದ ಆಟ, ಪರದೆ ಮೇಲಿನ ನಾಲ್ವರೂ ಗಂಡಸರು. ಹೆಣ್ಣು ಯಾಕಿಲ್ಲ ಅಂದಿದ್ದಕ್ಕೆ ಆಟ ಕಟ್ಟಿದವರು ಚಲನೆ, ದನಿ, ಬಟ್ಟೆ ಎಲ್ಲ ದುಪ್ಪಟ್ಟು ಕೆಲಸ ಅಂದರು. ಅದೇ ಸರಣಿಯಲ್ಲಿ ದುಡಿದಿದ್ದ ಅನಿಮೇಟರ್ ಒಬ್ಬರು ಒಂದೆರಡು ದಿನದ ಕೆಲಸ ಅಷ್ಟೇ ಅಂದರು. ಆಟದ ಪಾತ್ರಗಳ ಒಳಗೂ ಕಂಪ್ಯೂಟರಿನ ಅಸ್ಥಿಪಂಜರ ಇರುತ್ತೆ, ಅಂಥ ಎರಡರ ಮೂಳೆಗಳ ಹೆಸರು ತಾಳೆಯಾದರೆ ಗಂಡಿನ ಓಟವನ್ನು ಹೆಣ್ಣಿಗೆ ದಾಟಿಸಬಹುದು. ಕೆಡೋದು ಭುಜದ ಅಗಲ ಬದಲಾದಾಗ: ಎರಡೂ ಕೈಲಿ ಹಿಡಿದ ಕತ್ತಿಯಿಂದ ಒಂದು ಕೈ ಬಿಟ್ಟುಹೋಗುತ್ತೆ, ಮೊಣಕೈ ಅಂಗಿ ಸೀಳಿ ಹೊರಗೆ ಇಣುಕುತ್ತೆ. ಕೂತು ಸರಿಮಾಡಬೇಕು. ಕೆಲಸ ಇಲ್ಲ ಅಂತ ಯಾರೂ ಹೇಳಿಲ್ಲ. ಆದರೆ ಅದೇ ಆಟದಲ್ಲಿ ಪ್ಯಾರಿಸಿನ ನೋಟ್ರ್ ಡಾಮ್ ಚರ್ಚನ್ನು ಕಲ್ಲುಕಲ್ಲಾಗಿ ಕಟ್ಟಲು ಪುರುಸೊತ್ತಿತ್ತು. ಫ್ರೆಂಚ್ ಕ್ರಾಂತಿಯ ಕೊಲೆಗಾರರ ಕಥೆ ಅದು, ಆ ಕ್ರಾಂತಿಯ ಅತಿ ಪ್ರಸಿದ್ಧ ಕೊಲೆಗಾರರಲ್ಲಿ ಒಬ್ಬಳು ಶಾರ್ಲಟ್ ಕೋರ್ಡೆ, 1793ರಲ್ಲಿ ಕ್ರಾಂತಿಯ ಮುಖಂಡ ಮರಾನನ್ನು ಸ್ನಾನದ ತೊಟ್ಟಿಯಲ್ಲೇ ಇರಿದವಳು. ಅವಳು ಅನಿಮೇಶನ್ ಖರ್ಚು ಲೆಕ್ಕ ಹಾಕಿ ಇರಿಯಲಿಲ್ಲ.

ಇತ್ತ ಚಿಕ್ಕಮಗಳೂರಲ್ಲೋ ಹಾಸನದಲ್ಲೋ, ಬಾಗಿಲು ಹಾಕಿಕೊಂಡು ಮೊಬೈಲಲ್ಲಿ ಆಡುವ ಹುಡುಗಿ ಗಂಡಿನ ಹೆಸರಿಟ್ಟುಕೊಂಡು ಆಡ್ತಾಳೆ. ದನಿ ಕೇಳಿದರೆ ಏನೇನು ಬರುತ್ತೆ ಅಂತ ಅವಳಿಗೆ ಗೊತ್ತು. 'ಮಗಾ, ಮೈಕ್ ಆನ್ ಮಾಡೋ' ಅಂತ ಜೊತೆಯವರು ಕೂಗ್ತಾರೆ. 'ಮೈಕ್ ಕೆಟ್ಟಿದೆ' ಅಂತ ಟೈಪ್ ಮಾಡ್ತಾಳೆ.