ಛಾವಣಿ ಮೇಲಿನ ಟರ್ಮಿನಲ್‌ನ ಕರೆಂಟ್ ಹೋದಾಗ

ಪುಣೆಯ ಹಿಂಜವಡಿಯಲ್ಲಿ ಎಂಬೆಡೆಡ್ (ಯಂತ್ರದೊಳಗಿನ ಸಾಫ್ಟ್‌ವೇರ್) ಕೆಲಸ ಹುಡುಕುತ್ತಿರುವ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯ ಹುಡುಗ-ಹುಡುಗಿಯರು ಸ್ಯಾಟಲೈಟ್ ಇಂಟರ್ನೆಟ್ ಅಂದ ಕೂಡಲೇ ಆ್ಯಂಟೆನಾ, ಆರ್ಬಿಟ್ ಓದಲು ಕೂರುತ್ತಾರೆ. ಓದಿ, ಬೇಕು. 550 ಕಿ.ಮೀ. ಎತ್ತರದ ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿ.ಮೀ. ಓಡುತ್ತದೆ, 12 ಗಿಗಾಹರ್ಟ್ಸ್‌ನಲ್ಲಿ ಡಾಪ್ಲರ್, ಅಂದರೆ ಆ ಓಟದಿಂದ ಆವರ್ತನದಲ್ಲಿ ಆಗುವ ಬದಲಾವಣೆ, 250 ಕಿಲೋಹರ್ಟ್ಸ್ ಹತ್ತಿರ ಹೋಗುತ್ತದೆ. ಆದರೆ ಹೊಸಬರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಬೂಟ್‌ಲೋಡರ್ (ಬೋರ್ಡ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ), ಅಪ್‌ಡೇಟ್, ವಾಚ್‌ಡಾಗ್ (ಪ್ರೋಗ್ರಾಂ ಆಗಾಗ ತಟ್ಟದಿದ್ದರೆ ಬೋರ್ಡನ್ನು ರೀಸೆಟ್ ಮಾಡುವ ಟೈಮರ್). ಅದನ್ನು ಚಿಲ್ಲರೆ ಕೆಲಸ ಅಂದುಕೊಳ್ಳಬೇಡಿ. ಸಹ್ಯಾದ್ರಿಯ ಹಳ್ಳಿಯೊಂದರ ತಗಡಿನ ಛಾವಣಿ ಮೇಲೆ ಕೂತ ಟರ್ಮಿನಲ್‌ಗೆ (ಉಪಗ್ರಹದ ಜತೆ ಮಾತಾಡುವ ಪೆಟ್ಟಿಗೆ) ತಾನೇ ಹಿಡಿದ ಲಿಂಕ್ ಬಿಟ್ಟರೆ ಹೊರಗಿನ ದಾರಿ ಇಲ್ಲ. ಅದರೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಕೆಟ್ಟರೆ ದುರಸ್ತಿ ಕಳಿಸುವ ದಾರಿಯೂ ಅದರ ಜತೆಗೇ ಹೋಯಿತು.

ಅಪ್‌ಡೇಟ್ ಬರೆಯುವಾಗ ಕರೆಂಟ್ ಹೋದರೆ ಎಷ್ಟು ಹೊತ್ತು ಸಿಗುತ್ತದೆ, ಲೆಕ್ಕ ನೋಡಿ. 48 ವೋಲ್ಟ್ ಲೈನಿನಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, 36 ವೋಲ್ಟ್‌ವರೆಗೆ ಬೋರ್ಡ್ ನಡೆಯುತ್ತದೆ ಅಂತಿಟ್ಟುಕೊಳ್ಳಿ. ಸಿಗುವುದು ಅರ್ಧ ಜೂಲ್. 60 ವ್ಯಾಟ್ ಎಳೆಯುವ ಟರ್ಮಿನಲ್‌ಗೆ ಅದು 8 ಮಿಲಿಸೆಕೆಂಡ್. ಫರ್ಮ್‌ವೇರ್ ಇಡುವ ನಾರ್ ಫ್ಲ್ಯಾಶ್ ಮೆಮೊರಿಯಲ್ಲಿ ಹೊಸದು ಬರೆಯುವ ಮುಂಚೆ ಹಳೆಯದನ್ನು ಅಳಿಸಬೇಕು, ಒಂದು ಸೆಕ್ಟರ್ ಅಳಿಸಲು ಹತ್ತಾರು, ಕೆಲವೊಮ್ಮೆ ನೂರಾರು ಮಿಲಿಸೆಕೆಂಡ್ ಬೇಕು. ಕರೆಂಟ್ ಹೋದ ಸುಳಿವು ಸಿಕ್ಕ ತಕ್ಷಣ ಟ್ರಾನ್ಸ್‌ಮಿಟರ್, ಬೀಮ್‌ಫಾರ್ಮರ್ (ಆ್ಯಂಟೆನಾದ ಕಿರಣವನ್ನು ಉಪಗ್ರಹದತ್ತ ತಿರುಗಿಸುವ ಭಾಗ) ಎರಡನ್ನೂ ಆರಿಸಿ ಲೋಡನ್ನು 5 ವ್ಯಾಟ್‌ಗೆ ಇಳಿಸಿದರೆ ಅದೇ ಅರ್ಧ ಜೂಲ್ 100 ಮಿಲಿಸೆಕೆಂಡ್ ಬಾಳುತ್ತದೆ. ಅದನ್ನೂ ನಂಬಿ ಕೂರಬೇಡಿ. ಇಮೇಜ್ (ಫರ್ಮ್‌ವೇರ್‌ನ ಪೂರ್ತಿ ಪ್ರತಿ) ಇಡಲು ಎರಡು ಸ್ಲಾಟ್ ಇರಲಿ; ಹೊಸ ಇಮೇಜನ್ನು ಖಾಲಿ ಸ್ಲಾಟ್‌ಗೆ ಬರೆದು, ಅದರ ಡಿಜಿಟಲ್ ಸಹಿ ಪರೀಕ್ಷಿಸಿ, ಯಾವ ಸ್ಲಾಟ್‌ನಿಂದ ಬೂಟ್ ಆಗಬೇಕು ಎಂಬ ದಾಖಲೆಯನ್ನು ಕಟ್ಟಕಡೆಗೆ ಬದಲಿಸಿ. ಆ ದಾಖಲೆಯ ಎರಡು ಪ್ರತಿ ಇರಲಿ, ಎರಡಕ್ಕೂ ಕ್ರಮಸಂಖ್ಯೆ ಮತ್ತು ಸಿಆರ್‌ಸಿ (ಬರೆದದ್ದು ಕೆಟ್ಟಿದೆಯೇ ಎಂದು ಹಿಡಿಯುವ ಅಂಕಿ) ಇರಲಿ.

ಅತಿ ಹೆಚ್ಚು ಎಡವುವುದು ಇದರ ನಂತರ. ಲಿನಕ್ಸ್ ಮೇಲೆದ್ದ ಕೂಡಲೇ ‘ಅಪ್‌ಡೇಟ್ ಯಶಸ್ವಿ’ ಅಂತ ಗುರುತು ಹಾಕಿಬಿಡುತ್ತಾರೆ. ಮೋಡೆಮ್ ಡ್ರೈವರ್ ಕೆಟ್ಟಿದ್ದರೆ ಟರ್ಮಿನಲ್ ಚೆನ್ನಾಗಿಯೇ ಬೂಟ್ ಆಗುತ್ತದೆ, ಆದರೆ ಶಾಶ್ವತವಾಗಿ ಮೂಕ. ಉಪಗ್ರಹಕ್ಕೆ ಲಾಕ್ ಆಗಿ ಅಪ್‌ಡೇಟ್ ಸರ್ವರ್ ಮುಟ್ಟಿದ ಮೇಲಷ್ಟೇ ಗುರುತು ಹಾಕಬೇಕು. ಆದರೆ ಕೊಂಕಣದ ಜುಲೈ ಮಳೆಯಲ್ಲಿ ಕೆಯು ಬ್ಯಾಂಡ್ (12 ಗಿಗಾಹರ್ಟ್ಸ್ ಸುತ್ತಿನ ಆವರ್ತನ) ಲಿಂಕ್ ಸ್ವಲ್ಪ ಹೊತ್ತು ಪೂರ್ತಿ ಹೋಗಬಹುದು. ಹತ್ತು ನಿಮಿಷ ಕಾದು ಹಳೆಯದಕ್ಕೆ ಮರಳಿದರೆ ಒಳ್ಳೆಯ ಇಮೇಜನ್ನೇ ಎಸೆದ ಹಾಗೆ. ಕೆಲವು ಗಂಟೆ ಕೊಡಿ. ಮೂರು ಸಲ ಬೂಟ್ ವಿಫಲವಾದರೆ ಹಳೆಯ ಇಮೇಜಿಗೆ ಮರಳಬೇಕು ಎಂಬ ಲೆಕ್ಕದಲ್ಲೂ, ಕರೆಂಟ್ ಹೋಗಿ ಆದ ರೀಸೆಟ್‌ಗಳನ್ನು ಬೇರೆ ಎಣಿಸಿ. ಯಾಕೆ ರೀಸೆಟ್ ಆಯಿತು ಎಂದು ಚಿಪ್ ಬರೆದಿಡುವ ರಿಜಿಸ್ಟರ್ ಇರುವುದೇ ಅದಕ್ಕೆ. ವಾಚ್‌ಡಾಗನ್ನು ಟೈಮರ್ ಇಂಟರಪ್ಟ್‌ನಿಂದ ತಟ್ಟಬೇಡಿ, ಮುಖ್ಯ ಟಾಸ್ಕ್ ಸತ್ತರೂ ಇಂಟರಪ್ಟ್ ಬದುಕಿರುತ್ತದೆ.

ಇದನ್ನು ಕಲಿಯಲು ಕಂಪನಿ ಸೇರುವವರೆಗೆ ಕಾಯಬೇಕಿಲ್ಲ. ಪುಣೆಯ ಬುಧವಾರ ಪೇಠ್‌ನ ತಾಪಕೀರ್ ಗಲ್ಲಿಗೆ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಹೋಗಿ ಒಂದು ರಿಲೇ ಬೋರ್ಡ್ (ಪ್ರೋಗ್ರಾಂ ಆನ್-ಆಫ್ ಮಾಡಬಲ್ಲ ಸ್ವಿಚ್) ತನ್ನಿ. ಲಿನಕ್ಸ್ ಓಡುವ ಯಾವುದಾದರೂ ಅಗ್ಗದ ಬೋರ್ಡ್‌ಗೆ ಎರಡು ಸ್ಲಾಟ್ ಮಾಡಿ, ಅಪ್‌ಡೇಟ್ ನಡೆಯುವಾಗ ಮನಬಂದ ಕ್ಷಣದಲ್ಲಿ ಕರೆಂಟ್ ಕತ್ತರಿಸುವ ಸ್ಕ್ರಿಪ್ಟ್ ಬರೆಯಿರಿ. ಸಾವಿರ ಸಲ ಓಡಿಸಿ. ಅಡಾಪ್ಟರ್‌ನ ಎಸಿ ಕಡೆ ಕತ್ತರಿಸಿದರೆ ವೋಲ್ಟೇಜ್ ನಿಧಾನ ಇಳಿಯುತ್ತದೆ, ಡಿಸಿ ಕಡೆ ಕತ್ತರಿಸಿದರೆ ಒಮ್ಮೆಲೇ ಬೀಳುತ್ತದೆ. ಎರಡೂ ಮಾಡಿ, ಎರಡರಲ್ಲೂ ಬೇರೆ ಬೇರೆ ತಪ್ಪು ಸಿಗುತ್ತವೆ. ಪ್ರತಿ ಸಲವೂ ಸೀರಿಯಲ್ ಲಾಗ್‌ನ (ಬೋರ್ಡ್ ಸೀರಿಯಲ್ ತಂತಿಯಲ್ಲಿ ಕಳಿಸುವ ಸಂದೇಶಗಳ ದಾಖಲೆ) ಕೊನೆಯ ಸಾಲನ್ನು ಎತ್ತಿಡಿ, ಬೋರ್ಡ್ ಏಳದೇ ಹೋದ ದಿನ ಹುಡುಕಾಟ ಶುರುವಾಗುವುದು ಆ ಸಾಲಿನಿಂದ.