ಕೋರಮಂಗಲದ ರೈಲು ಎಲ್ಲಿ ಹೋಯ್ತು?

ಕೋರಮಂಗಲದಲ್ಲಿ ಒಂದು ಕಾಲಕ್ಕೆ ರೈಲಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಇತ್ತು ಸ್ವಾಮಿ. ಫೋರಂ ಮಾಲ್ ಒಳಗೆ, ತಣ್ಣಗೆ ಎಸಿಯಲ್ಲಿ ನಿಂತಿತ್ತು. ಸಾಹಿಬ್ ಸಿಂಧ್ ಸುಲ್ತಾನ್ ಅಂತ ಹೆಸರು. ಹಳೇ ಕಾಲದ ರೈಲು ಬೋಗಿಯ ಹಾಗೆ ಒಳಗೆಲ್ಲ ಸಿಂಗಾರ ಮಾಡಿದ್ದ ಹೋಟೆಲ್. ಕೂತು ಕಬಾಬ್, ಬಿರಿಯಾನಿ ತಿಂದು ಇಳಿದು ಬರಬಹುದಿತ್ತು. ಹತ್ತಿದ ಸ್ಟೇಷನ್ನಿನಲ್ಲೇ ಇಳಿಯಬೇಕಿತ್ತು, ಅಷ್ಟೇ.

ಹೆಸರಿನ ಹಿಂದೆ ಒಂದು ಕಥೆಯಿದೆ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತಲ್ಲ, ಅದರ 14 ಬೋಗಿಗಳನ್ನು ಎಳೆದ ಮೂರು ಎಂಜಿನ್‌ಗಳ ಹೆಸರು ಇವು: ಸಾಹಿಬ್, ಸಿಂಧ್, ಸುಲ್ತಾನ್. ಆ ಮೂವರೂ ಸೇರಿ 34 ಕಿಲೋಮೀಟರ್ ಓಡಿದರು. ನಮ್ಮ ಕೋರಮಂಗಲದವರು ಒಂದಿಂಚೂ ಕದಲಲಿಲ್ಲ. ಆಚೆ ಹೊಸೂರು ರಸ್ತೆಯಲ್ಲಿ ಬಸ್ಸುಗಳೂ ಕದಲುತ್ತಿರಲಿಲ್ಲವಾದ್ದರಿಂದ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಒಮ್ಮೆ ನಮ್ಮ ಸೋದರಮಾವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಒಳಗೆ ಕಾಲಿಟ್ಟವರೇ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಹಿಂದಕ್ಕೆ ತಳ್ಳಿದರು. ಅಭ್ಯಾಸಬಲ. ಕಿಟಕಿ ಪಕ್ಕ ಕೂತರು. ಆಮೇಲೆ ನೀರಿನ ಲೋಟವನ್ನೇ ದಿಟ್ಟಿಸಿ ನೋಡಿದರು. ನೀರು ಅಲ್ಲಾಡಲಿಲ್ಲ. ವೇಟರ್ ಹುಡುಗನನ್ನು ಕರೆದು, "ಏನಪ್ಪಾ, ಗಾಡಿ ಎಷ್ಟು ಲೇಟು?" ಅಂದರು.

ಪಾಪ, ಆ ಹುಡುಗ ಯಾವ ಊರಿನವನೋ. "ಬಿರಿಯಾನಿ ಟ್ವೆಂಟಿ ಮಿನಿಟ್ಸ್ ಸಾರ್" ಅಂದ.

"ಇಪ್ಪತ್ತೇ ನಿಮಿಷವಾ? ಹಾಗಿದ್ರೆ ರೈಟ್ ಟೈಮ್ ಅಂತಲೇ ಬರ್ಕೋ" ಅಂದರು ಮಾವ.

ಊಟ ಚೆನ್ನಾಗಿತ್ತು. ಮಾವನಿಗೆ ಮಾತ್ರ ಒಂದು ಕೊರಗು ಉಳಿಯಿತು. ಮದ್ದೂರು ವಡೆ ಇಲ್ಲದ್ದು ಅದೆಂಥಾ ರೈಲು? ನ್ಯಾಯವಾದ ಪ್ರಶ್ನೆಯೇ. ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದವರಿಗೆ ಒಂದು ದಿನ ರೈಲು ಬೇಗ ಬಂದು ಗಡಿಬಿಡಿಯಾಯಿತಂತೆ. ಹಿಟ್ಟನ್ನು ಸುಮ್ನೆ ತಟ್ಟಿ ಎಣ್ಣೆಗೆ ಬಿಟ್ಟರಂತೆ, ಅದೇ ಮದ್ದೂರು ವಡೆಯಾಯಿತಂತೆ. ಕಥೆ ನಿಜವೋ ಸುಳ್ಳೋ, ರೈಲು ಬೇಗ ಬಂತು ಅನ್ನುವ ಜಾಗದಲ್ಲಿ ಮಾವ ಪ್ರತಿ ಸಲವೂ ನಗುತ್ತಾರೆ.

ಆ ಹೋಟೆಲ್ ಈಗಿಲ್ಲ. ಮಾಲ್ ಕೂಡ ಹೆಸರು ಬದಲಿಸಿಕೊಂಡು ನೆಕ್ಸಸ್ ಆಗಿದೆ, ಆಟೋದವರ ಬಾಯಲ್ಲಿ ಇನ್ನೂ ಫೋರಂ. ರೈಲಿನ ನೆನಪು ತೆಗೆದರೆ ನನ್ನ ವಯಸ್ಸಿನವರೆಲ್ಲ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನಿಲ್ಲಿಸಿದ ಬೋಗಿಗೆ ಇಷ್ಟು ಪ್ರೀತಿಯಾ ಅಂತ ಹೊರಗಿನವರಿಗೆ ಅನ್ನಿಸಬಹುದು. ಅವರಿಗೆ ಬೆಂಗಳೂರು ಗೊತ್ತಿಲ್ಲ. ನಮ್ಮ ಊರಿನೊಳಗೆ ಆಫೀಸಿಗೆ ಹೋಗಿಬರಲು ಲೋಕಲ್ ರೈಲು ಬೇಕು ಅಂತ ಮೊದಲ ಪ್ರಸ್ತಾಪ ಬಂದದ್ದು 1983ರಲ್ಲಿ. ಆಗ ಹುಟ್ಟಿದ ಮಗುವಿಗೆ ಈಗ ತಲೆಕೂದಲು ನೆರೆತಿದೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ.

ಹಾಗಂತ ಏನೂ ಆಗಿಲ್ಲ ಅನ್ನಬೇಡಿ. ನಾಮಕರಣ ಆಗಿದೆ. ನಾಲ್ಕು ಮಾರ್ಗ, ನಾಲ್ಕು ಹೂವು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಒಟ್ಟು 148 ಕಿಲೋಮೀಟರ್, 15,767 ಕೋಟಿ ರೂಪಾಯಿ. 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಶಂಕುಸ್ಥಾಪನೆ ಮಾಡಿ 40 ತಿಂಗಳ ಮಾತು ಕೊಟ್ಟು ಹೋದರು. 2025ರ ಅಕ್ಟೋಬರ್‌ಗೆ ತಿಂಗಳುಗಳು ಮುಗಿದವು, ಕೆಲಸ ಮುಗಿಯಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇಲ್ಲಿ ಕುಲಾವಿಗೆ ಮಲ್ಲಿಗೆ ದಂಡೆಯನ್ನೂ ಮುಡಿಸಿ ಇಟ್ಟಿದ್ದಾರೆ.

ಇದರ ನಡುವೆ ರೈಲ್ವೆಯವರಿಗೇ ಒಂದು ಐಡಿಯಾ ಹೊಳೆದಿದೆ. ಓಡಿ ಓಡಿ ಸುಸ್ತಾದ ಬೋಗಿಗಳಿಗೆ ಬಣ್ಣ ಬಳಿದು, ಒಳಗೆ ಟೇಬಲ್ ಹಾಕಿ ಹೋಟೆಲ್ ಮಾಡುವುದು. 2020ರಲ್ಲಿ ಬಂಗಾಳದ ಆಸನ್ಸೋಲ್‌ನಲ್ಲಿ ಶುರುವಾಗಿದ್ದು ನಮ್ಮ ಮೆಜೆಸ್ಟಿಕ್ಕಿಗೂ ಬೈಯಪ್ಪನಹಳ್ಳಿಗೂ ಬಂದಿದೆ. ಹೆಸರು 'ರೆಸ್ಟೋರೆಂಟ್ ಆನ್ ವೀಲ್ಸ್'. ಚಕ್ರ ಇದೆ ಅನ್ನುವುದು ನಿಜ, ತಿರುಗುತ್ತದೆ ಅಂತ ಅವರೂ ಹೇಳಿಲ್ಲ. ಮೊದಲು ಖಾಸಗಿಯವರು ರೈಲಿನ ಹಾಗೆ ಹೋಟೆಲ್ ಕಟ್ಟುತ್ತಿದ್ದರು, ಈಗ ಇಲಾಖೆಯೇ ರೈಲನ್ನು ಹೋಟೆಲ್ ಮಾಡುತ್ತಿದೆ. ಊರಿಗೆ ಬೇಕಿದ್ದ ರೈಲು ಬರುವವರೆಗೆ ಏನಾದರೂ ತಿನ್ನುತ್ತಿರಿ ಅಂತ ಇರಬೇಕು.

ನನ್ನದೂ ಒಂದು ಪ್ಲಾನ್ ಇದೆ. ಕೋರಮಂಗಲದ ಹಳೇ ರೈಲಿನ ನೆನಪಿಗೆ ಒಂದು ಹೊಸ ಹೋಟೆಲ್, ಥೀಮು ಸಬರ್ಬನ್ ರೈಲು. ಬಾಗಿಲಲ್ಲಿ ಗಣ್ಯರೊಬ್ಬರು ನಿಮ್ಮ ತಟ್ಟೆಗೆ ಶಂಕುಸ್ಥಾಪನೆ ಮಾಡುತ್ತಾರೆ. ಸಂಪಿಗೆ ಸೂಪ್, ಮಲ್ಲಿಗೆ ಇಡ್ಲಿ, ಪಾರಿಜಾತ ಪಲಾವ್, ಕನಕ ಕಾಫಿ. ಎಲ್ಲದಕ್ಕೂ ಬಣ್ಣದ ಚಿತ್ರ ಮೆನುವಿನಲ್ಲಿ ಇರುತ್ತದೆ, ಅಡುಗೆಮನೆ ಇರುವುದಿಲ್ಲ. ಒಲೆ ಇಡಬೇಕಾದ ಜಾಗ ಯಾರದು ಅಂತ ಎರಡು ಇಲಾಖೆಗಳ ನಡುವೆ ಪತ್ರ ಓಡಾಡುತ್ತಿರುತ್ತದೆ. ಓಡಾಡುವುದು ಅದೊಂದೇ. ಬಿಲ್ ಮಾತ್ರ ಕೂತ ತಕ್ಷಣ ಬರುತ್ತದೆ, ಪ್ರತಿ ವರ್ಷ ಪರಿಷ್ಕರಣೆಯಾಗುತ್ತದೆ. ಊಟ ಬರುವಾಗ ನೀವು ಇಲ್ಲದಿದ್ದರೆ ಮೊಮ್ಮಕ್ಕಳಿಗೆ ಪಾರ್ಸೆಲ್ ಕೊಡುತ್ತೇವೆ.

ಮಾವನಿಗೆ ಫೋನ್ ಮಾಡಿ ಇಡೀ ಪ್ಲಾನ್ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದೆಲ್ಲಾ ಇರ್ಲಿ ಕಣೋ. ಮದ್ದೂರು ವಡೆ ಇರತ್ತಾ?"