ಅಷ್ಟು ಜನ ಕುಣಿದರು, ಒಂದು ಕಲ್ಲು ತೇಲಿತು

ಮೊನ್ನೆ ಭಾನುವಾರ ಅಕ್ಕ ಮಧುಗಿರಿಗೆ ಬಂದಿದ್ದಳು. ಅವಳ ಮಗಳಿಗೆ ಈಗ ಒಂಬತ್ತು ವರ್ಷ. ಊಟ ಆದ ಮೇಲೆ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದವಳು ಎದ್ದು ಬಂದು ಕೇಳಿದಳು. "ಮಾಮ, ಈ ಹುಡುಗ ಯಾಕೆ ಒಂದ್ಸಲಾನೂ ನಗಲ್ಲ?"

ಇಣುಕಿ ನೋಡಿದರೆ 2010ರ 'ದಿ ಲಾಸ್ಟ್ ಏರ್‌ಬೆಂಡರ್' ಸಿನಿಮಾ. ನಾನೇ ಯಾವತ್ತೋ ಅವಳಿಗೆ ಆ ಕಥೆ ಹೇಳಿದ್ದೆ. ಅವಳು ಹುಡುಕಿದ್ದಾಳೆ, ಮೊದಲು ಸಿಕ್ಕಿದ್ದು ಈ ಸಿನಿಮಾ. ಅರ್ಧ ಮುಗಿಸಿಬಿಟ್ಟಿದ್ದಳು.

ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಗುವಿನ ಮೇಲಲ್ಲ. ಆ ಹುಡುಗ ನಗುತ್ತಾನೆ ರೀ! ಬೆಳಗಿನಿಂದ ರಾತ್ರಿಯವರೆಗೆ ನಗುತ್ತಾನೆ. ಹನ್ನೆರಡು ವರ್ಷದವನು, ಹೆಸರು ಆ್ಯಂಗ್. ನೂರು ವರ್ಷ ಮಂಜುಗಡ್ಡೆಯೊಳಗೆ ಇದ್ದು ಕಣ್ಣು ಬಿಟ್ಟಾಗ ಎದುರಿಗಿದ್ದ ಕಟಾರಾ ಅನ್ನುವ ಹುಡುಗಿಯನ್ನು ಅವನು ಕೇಳುವ ಮೊದಲ ಮಾತು ಏನು ಗೊತ್ತಾ? ನನ್ನ ಜೊತೆ ಪೆಂಗ್ವಿನ್ ಮೇಲೆ ಕೂತು ಜಾರೋಕೆ ಬರ್ತೀಯಾ ಅಂತ. ಅವನು ಯಾರು, ಅವನ ತಲೆ ಮೇಲೆ ಎಷ್ಟು ಭಾರ ಇದೆ ಅನ್ನುವುದೆಲ್ಲ ಆಮೇಲೆ ಗೊತ್ತಾಗುತ್ತದೆ. ಮೊದಲು ಆಟ. ಈ ಕಥೆ ನಿಂತಿರುವುದೇ ಆ ಒಂದು ಪ್ರಶ್ನೆಯ ಮೇಲೆ. ಸಿನಿಮಾದವರು ಅದನ್ನೇ ತೆಗೆದುಹಾಕಿದರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಅನ್ನುವ ಕಾರ್ಟೂನ್ ಅಮೆರಿಕದಲ್ಲಿ 2005ರಿಂದ 2008ರವರೆಗೆ ಬಂತು. ಒಟ್ಟು 61 ಕಂತು. ನೀರು, ಭೂಮಿ, ಬೆಂಕಿ ಅಂತ ಮೂರು ಭಾಗ. ನೀರಿನವರು, ನೆಲದವರು, ಬೆಂಕಿಯವರು, ಗಾಳಿಯವರು ಅಂತ ನಾಲ್ಕು ನಾಡು, ಒಂದೊಂದು ನಾಡಿನ ಕೆಲವರು ತಮ್ಮದನ್ನು ಕೈಕಾಲು ಬೀಸಿಯೇ ಆಡಿಸಬಲ್ಲರು. ಬೆಂಕಿಯವರು ಲೋಕವನ್ನೆಲ್ಲ ಹಿಡಿಯಲು ಹೊರಟು ಗಾಳಿಯವರನ್ನು ಪೂರ್ತಿ ಕೊಂದಿದ್ದಾರೆ. ಉಳಿದವನು ಆ್ಯಂಗ್ ಒಬ್ಬನೇ. ನಾಲ್ಕನ್ನೂ ಆಡಿಸಬಲ್ಲವನು ಅವತಾರ. ಹೌದು, ನಮ್ಮದೇ ಪದ.

ನಮ್ಮ ಮನೆಯಲ್ಲಿ ಸಂಜೆ ಕೇಬಲ್‌ನಲ್ಲಿ ಬರುತ್ತಿತ್ತು. ಭಾಷೆ ನಮ್ಮದಲ್ಲ, ಅರ್ಧ ಮಾತು ತಿಳಿಯುತ್ತಿರಲಿಲ್ಲ. ನಾನು, ತಮ್ಮ, ಎದುರು ಮನೆಯ ಇಬ್ಬರು ಹುಡುಗರು ನೆಲದ ಮೇಲೆ ಸಾಲಾಗಿ ಕೂರುತ್ತಿದ್ದೆವು. ಆ್ಯಂಗ್ ಸವಾರಿ ಮಾಡುವ ಹಾರುವ ಕಾಡೆಮ್ಮೆಯ ಹೆಸರು ಅಪ್ಪಾ. ಟೀವಿಯಲ್ಲಿ "ಅಪ್ಪಾ" ಅಂತ ಕೂಗಿದಾಗಲೆಲ್ಲ ನಮ್ಮ ತಂದೆ ಒಳಗಿನಿಂದ "ಏನೋ?" ಅನ್ನುತ್ತಿದ್ದರು.

ಮಧುಗಿರಿ ನೋಡಿದವರಿಗೆ ಗೊತ್ತು. ಊರಿನ ತಲೆ ಮೇಲೆ ಏಕಶಿಲಾ ಬೆಟ್ಟ ನಿಂತಿದೆ. ಅಷ್ಟೂ ಒಂದೇ ಕಲ್ಲು. ಅದರ ಬುಡದಲ್ಲಿ ಬೆಳೆದ ಮಕ್ಕಳು ನಾವು. ಜಾರುಬಂಡೆ ಆಡಿ ಚಡ್ಡಿ ಹರಿದುಕೊಂಡವರು, ಅಡಿಕೆ ಹಾಳೆ ಮೇಲೆ ಒಬ್ಬರನ್ನು ಕೂರಿಸಿ ಎಳೆದವರು. ಪೆಂಗ್ವಿನ್ ಜಾರಾಟ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೀದಿಯಲ್ಲಿ ಪಾಲು ಹಂಚಿಕೊಂಡಾಗ ನಾನು ಯಾವಾಗಲೂ ನೆಲದವರ ಕಡೆ. ಬೇರೆ ಯಾವುದು ಕೊಟ್ಟರೂ ಬೇಡ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತು, ಬೆಟ್ಟದ ಕಡೆ ತಿರುಗಿ ಮುಷ್ಟಿ ಎತ್ತುತ್ತಿದ್ದೆ. ಬೆಟ್ಟ ಏಳುತ್ತದೆ ಅಂತ ನಿಜವಾಗಿ ನಂಬಿದ್ದ ದಿನಗಳು ಇದ್ದವು.

ಆ ನಿಲುವು ಸುಮ್ನೆ ಬರೆದದ್ದಲ್ಲ ಅಂತ ದೊಡ್ಡವನಾದ ಮೇಲೆ ತಿಳಿಯಿತು. ಕಾರ್ಟೂನ್ ಮಾಡಿದವರು ಒಂದೊಂದು ನಾಡಿಗೂ ಒಂದೊಂದು ಚೀನೀ ಸಮರಕಲೆ ಇಟ್ಟಿದ್ದರು. ನೀರಿಗೆ ತಾಯ್ ಚಿ, ನೆಲಕ್ಕೆ ಹುಂಗ್ ಗಾರ್, ಬೆಂಕಿಗೆ ಉತ್ತರದ ಶಾವೊಲಿನ್, ಗಾಳಿಗೆ ಬಾಗುವಾ. ಅದಕ್ಕೇ ಅಂತ ಒಬ್ಬ ಗುರುವನ್ನು ಜೊತೆಗೆ ಇಟ್ಟುಕೊಂಡಿದ್ದರು. ಕೈ ಎತ್ತಿದರೆ ಕಲ್ಲು ಏಳುತ್ತದೆ. ಕಾಲು ಕುಟ್ಟಿದರೆ ಗೋಡೆ ಏಳುತ್ತದೆ. ಮೈಯ ಒಂದು ಅಲುಗಾಟಕ್ಕೆ ಒಂದು ಫಲ. ಅದಕ್ಕೇ ಮಕ್ಕಳು ನೋಡಿ ನೋಡಿ ಕಲಿಯಬಹುದಿತ್ತು.

ಈಗ 2010ಕ್ಕೆ ಬರೋಣ. ನನಗೂ ಆಗ ಹನ್ನೆರಡು, ಸರಿಯಾಗಿ ಆ್ಯಂಗ್‌ನ ವಯಸ್ಸು. ಸಿನಿಮಾ ಬರುತ್ತಿದೆ ಅಂತ ಗೊತ್ತಾದಾಗಿನಿಂದ ಚಿಕ್ಕಪ್ಪನ ತಲೆ ತಿಂದಿದ್ದೆ. ನಿರ್ದೇಶಕರು ನಮ್ಮ ದಕ್ಷಿಣದ ಮಾಹೆಯಲ್ಲಿ ಹುಟ್ಟಿದವರು. ಅವರ ಮಗಳಿಗೇ ಈ ಕಾರ್ಟೂನ್ ಅಂದರೆ ಪ್ರಾಣ, ಹಬ್ಬಕ್ಕೆ ಕಟಾರಾ ವೇಷ ಹಾಕಬೇಕು ಅಂದಿದ್ದಳಂತೆ. ಬಜೆಟ್ ಸುಮಾರು 15 ಕೋಟಿ ಡಾಲರ್ ಅಂತ ಸುದ್ದಿ. ಇಷ್ಟೆಲ್ಲ ಇದ್ದ ಮೇಲೆ ಕೆಡುವುದು ಹೇಗೆ ಸಾಧ್ಯ?

ಚಿಕ್ಕಪ್ಪ ನಮ್ಮಿಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಒಂದು ದಿನದ ಅಂಗಡಿ ಬಾಗಿಲು ಹಾಕಿದ್ದರು. ತ್ರೀಡಿ ಅಂತ ಟಿಕೆಟ್‌ಗೆ ಜಾಸ್ತಿ ದುಡ್ಡು ಕೊಟ್ಟರು. ಆ ಸಿನಿಮಾವನ್ನು ತ್ರೀಡಿಯಲ್ಲಿ ತೆಗೆದೇ ಇರಲಿಲ್ಲ. ಎಲ್ಲ ತೆಗೆದ ಮೇಲೆ ಮಾಡಿ ಅಂಟಿಸಿದ್ದು. ಕನ್ನಡಕ ಹಾಕಿದರೆ ಪರದೆ ಮೇಲೆ ಮಬ್ಬು ಕವಿದ ಹಾಗೆ. ಬೆಂಕಿ ಉರಿಯುವ ಸೀನಿನಲ್ಲೂ ಕತ್ತಲೆ.

ಹೆಸರುಗಳೇ ಬೇರೆ. ಆ್ಯಂಗ್ ಓಂಗ್ ಆಗಿದ್ದ, ಕಟಾರಾಳ ಅಣ್ಣ ಸೊಕ್ಕಾ ಸೋಕಾ, ಐರೋ ಈರೋ. ಏಷ್ಯಾದ ಸರಿಯಾದ ಉಚ್ಚಾರಣೆ ಇದು ಅಂತ ಕಾರಣ ಕೊಟ್ಟರು. ನನಗೆ ಅದು ಬೇಡ. ನಮ್ಮ ಮನೆಯ ಮಗುವನ್ನು ಮೂರು ವರ್ಷ ಒಂದು ಹೆಸರಿನಿಂದ ಕರೆದು ಬೆಳೆಸಿದ ಮೇಲೆ ಯಾರೋ ಬಂದು ನೀವು ಕರೆಯುತ್ತಿದ್ದದ್ದು ತಪ್ಪು ಅಂದರೆ ಒಪ್ಪುತ್ತೀರಾ?

ಇನ್ನು ಆ ಕಲ್ಲಿನ ವಿಷಯ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಕಾರ್ಟೂನ್‌ನಲ್ಲಿ ಬೆಂಕಿಯವರು ನೆಲದವರನ್ನು ಸೆರೆ ಇಡುವುದು ಸಮುದ್ರದ ನಡುವಿನ ಕಬ್ಬಿಣದ ಜೈಲಿನಲ್ಲಿ. ಸುತ್ತ ನೀರು, ಕಾಲ ಕೆಳಗೆ ಲೋಹ, ಒಂದು ಹಿಡಿ ಮಣ್ಣಿಲ್ಲ. ಮಣ್ಣಿನಿಂದ ದೂರ ಮಾಡಿದರೆ ಅವರ ಶಕ್ತಿಯೂ ಹೋಯಿತು, ಧೈರ್ಯವೂ ಹೋಯಿತು. ರೈತನ ಮನೆಯವರಿಗೆ ಇದು ಹೊಟ್ಟೆಗೆ ತಟ್ಟುತ್ತದೆ, ಅಲ್ವಾ? ಕೊನೆಗೆ ಅವರಿಗೆ ಸಿಗುವುದು ಅಲ್ಲಿನ ಒಲೆಗೆ ಹಾಕುವ ಕಲ್ಲಿದ್ದಲು. ಅದೂ ಭೂಮಿಯದೇ! ಆ ಕಂತು ನೋಡಿ ನಾವು ನಾಲ್ಕೂ ಜನ ಎದ್ದು ಕುಣಿದಿದ್ದೆವು.

ಸಿನಿಮಾದಲ್ಲಿ ಅದೇ ಜನರನ್ನು ಎಲ್ಲಿ ಸೆರೆ ಇಟ್ಟಿದ್ದಾರೆ? ಬಯಲಲ್ಲಿ. ಕಲ್ಲು ಮಣ್ಣಿನ ನಡುವೆ. ಸುತ್ತ ಬೆಟ್ಟ. ಕಲ್ಲು ಎತ್ತುವವರನ್ನು ಕಲ್ಲಿನ ಮೇಲೇ ಕೂರಿಸಿದ್ದಾರೆ. ಹಾಗಿದ್ದರೆ ಅವರು ಇಷ್ಟು ದಿನ ಯಾಕೆ ಸುಮ್ಮನಿದ್ದರು? ಆ್ಯಂಗ್ ಬಂದು ನಿಮ್ಮ ಕಾಲ ಕೆಳಗೆ ಮಣ್ಣಿದೆ ಅಂತ ನೆನಪಿಸಬೇಕಾಯಿತು. ಆಮೇಲೆ ಅವರು ಎದ್ದು ಸಾಲಾಗಿ ನಿಂತರು. ಒಬ್ಬರ ಪಕ್ಕ ಒಬ್ಬರು ಕಾಲು ಕುಟ್ಟಿದರು, ಕೈ ಬೀಸಿದರು, ತಿರುಗಿದರು. ಅಷ್ಟೆಲ್ಲ ಆದ ಮೇಲೆ ಒಂದು ಕಲ್ಲು, ಒಂದೇ ಒಂದು ಕಲ್ಲು, ತೇಲಿಕೊಂಡು ನಿಧಾನಕ್ಕೆ ಬೆಂಕಿಯವನ ಕಡೆ ಹೋಯಿತು. ನಮ್ಮ ಬೀದಿಯ ಹುಡುಗ ಕೈಯಲ್ಲಿ ಎಸೆದರೂ ಅದಕ್ಕಿಂತ ಜೋರಾಗಿ ಹೋಗುತ್ತದೆ. ಮಧುಗಿರಿ ಬೆಟ್ಟದ ಕಡೆ ಮುಷ್ಟಿ ಎತ್ತಿ ಬೆಳೆದವನು ನಾನು. ಥಿಯೇಟರಿನಲ್ಲಿ ಜನ ನಕ್ಕರು. ತಮ್ಮ ನನ್ನ ಮುಖ ನೋಡಿದ. ನಾನು ಕನ್ನಡಕ ತೆಗೆಯಲಿಲ್ಲ.

ಇನ್ನೊಂದು ವಿಷಯ ಆಗ ಹೊಳೆದಿರಲಿಲ್ಲ, ಈಗ ಉರಿಯುತ್ತದೆ. ಕಾರ್ಟೂನಿನ ಲೋಕ ಹೆಚ್ಚಾಗಿ ಏಷ್ಯಾದ್ದು. ಅವತಾರ, ಅಗ್ನಿ, ಏಳು ಚಕ್ರ, ಎಲ್ಲ ಇದೆ. ಆದರೆ ಸಿನಿಮಾದಲ್ಲಿ ಆ್ಯಂಗ್, ಕಟಾರಾ, ಸೊಕ್ಕಾ ಮೂವರಿಗೂ ಬಿಳಿಯ ನಟರು. ನಮ್ಮಂಥ ಮುಖ ಹುಡುಕಿದರೆ ಎಲ್ಲಿ ಸಿಗುತ್ತದೆ ಅಂದರೆ ಊರು ಸುಡುವ ಬೆಂಕಿಯವರ ದಂಡಿನಲ್ಲಿ. ದೇವ್ ಪಟೇಲ್ ಅಂಥ ಒಳ್ಳೆ ನಟ ಅಲ್ಲೇ ಇದ್ದರು. ಕಥೆಗೆ ಪದ ನಮ್ಮದು ಬೇಕು, ನಾಯಕನಿಗೆ ಮುಖ ನಮ್ಮದು ಬೇಡ. ಇದನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ.

ಮೊದಲ ಭಾಗದಲ್ಲಿ 20 ಕಂತು. ಒಂದೊಂದೂ 20 ನಿಮಿಷಕ್ಕಿಂತ ಜಾಸ್ತಿ. ಕೂಡಿಸಿದರೆ ಏಳು ಗಂಟೆಗೂ ಮೇಲೆ. ಅದನ್ನು 103 ನಿಮಿಷಕ್ಕೆ ತುರುಕಿದರು. ತುರುಕುವಾಗ ಹೊಡೆದಾಟ ಉಳಿಸಿಕೊಂಡು ಮನುಷ್ಯರನ್ನು ಬಿಟ್ಟರು. ಸೊಕ್ಕಾ ಮತ್ತು ರಾಜಕುಮಾರಿ ಯೂ ನಡುವಿನ ಪ್ರೀತಿ ಹಿನ್ನೆಲೆ ಧ್ವನಿಯ ಒಂದು ವಾಕ್ಯದಲ್ಲಿ ಮುಗಿಯಿತು. ಜುಕೋ ಅನ್ನುವ ರಾಜಕುಮಾರನ ಮುಖವನ್ನು ಅವನ ಅಪ್ಪನೇ ಸುಟ್ಟಿದ್ದಾನೆ. ಆ ಗಾಯದ ಕಥೆ ಕಾರ್ಟೂನಿನಲ್ಲಿ ಅರ್ಧ ಭಾಗ ಕಳೆದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಅವನನ್ನು ಬೈದ ನಮಗೆ ಆ ಹೊತ್ತಿಗೆ ಗಂಟಲು ಕಟ್ಟುತ್ತದೆ. ಸಿನಿಮಾದಲ್ಲಿ ಯಾರೋ ಒಬ್ಬ ಚಿಕ್ಕ ಹುಡುಗ ಅದನ್ನು ಒಪ್ಪಿಸಿ ಹೋಗುತ್ತಾನೆ, ಪಾಠ ಒಪ್ಪಿಸಿದ ಹಾಗೆ. ಗಾಯವೂ ಸರಿಯಾಗಿ ಕಾಣುವುದಿಲ್ಲ.

ಜುಕೋನ ದೊಡ್ಡಪ್ಪ ಐರೋ. ದಪ್ಪ ಹೊಟ್ಟೆ, ಯಾವಾಗಲೂ ಮಲ್ಲಿಗೆ ಟೀ, ಎಲ್ಲರನ್ನೂ ಮಾತಾಡಿಸುವ ಸ್ವಭಾವ. ನಮ್ಮ ಊರಿನ ಟೀ ಅಂಗಡಿ ಬೆಂಚಿನ ಮೇಲೆ ಇಂಥ ಒಬ್ಬರು ಇದ್ದೇ ಇರುತ್ತಾರೆ. ಎರಡನೇ ಭಾಗದಲ್ಲಿ ಒಂದು ಕಂತು ಇದೆ. ದಿನವಿಡೀ ಊರು ಸುತ್ತಿ, ಅಳುವ ಮಗುವನ್ನು ನಗಿಸಿ, ಕಳ್ಳನಿಗೆ ಬುದ್ಧಿ ಹೇಳಿ, ಸಂಜೆ ಒಬ್ಬರೇ ಗುಡ್ಡ ಹತ್ತಿ, ಯುದ್ಧದಲ್ಲಿ ಸತ್ತ ಮಗನ ಚಿತ್ರ ಮುಂದಿಟ್ಟುಕೊಂಡು ಹಾಡುತ್ತಾ ಅಳುತ್ತಾರೆ. ಕೆಲವೇ ನಿಮಿಷ. ಐರೋಗೆ ಧ್ವನಿ ಕೊಟ್ಟ ಹಿರಿಯ ನಟ ಮಾಕೊ 2006ರಲ್ಲಿ ತೀರಿಕೊಂಡರು. ಆ ತುಣುಕನ್ನು ಅವರಿಗೇ ಅರ್ಪಿಸಿದ್ದಾರೆ. ಭಾಷೆ ಬಾರದ ನಮ್ಮ ಅಮ್ಮ ಅಡುಗೆ ಮನೆಯಿಂದ ಬಂದು ನಿಂತು ಅದನ್ನು ನೋಡಿ ಕಣ್ಣೊರೆಸಿಕೊಂಡಿದ್ದರು. ಸಿನಿಮಾದ ಐರೋ ತೆಳ್ಳಗೆ, ಗಂಭೀರವಾಗಿ ಬಂದು ಹೋಗುತ್ತಾರೆ.

ಕೆಟ್ಟ ಸಿನಿಮಾಗಳಿಗೆ ಕೊಡುವ ರಾಜ್ಜಿ ಪ್ರಶಸ್ತಿ ಅದಕ್ಕೆ ಬಂತು. ಮೂರು ಭಾಗ ಅಂದುಕೊಂಡಿದ್ದು ಒಂದಕ್ಕೇ ನಿಂತಿತು. ಅದರಿಂದ ನನಗೇನೂ ಸಮಾಧಾನ ಆಗಲಿಲ್ಲ.

ಆಮೇಲೆ 2024ರ ಫೆಬ್ರುವರಿಯಲ್ಲಿ ಓಟಿಟಿಯಲ್ಲಿ ಮತ್ತೆ ಬಂತು. ಈ ಸಲ ಎಂಟು ಕಂತಿನ ಸರಣಿ. ಮುಖಗಳು ಸರಿಯಾಗಿದ್ದವು, ಕಲ್ಲುಗಳೂ ಕಲ್ಲಿನ ಹಾಗೇ ಹಾರಿದವು. ಐರೋ ಮಗನ ಸಾವಿನ ಹೊತ್ತಿಗೆ ಆ ಹಳೆಯ ಹಾಡಿನ ರಾಗ ಕೇಳಿದಾಗ ನನಗೂ ಕಣ್ಣು ತುಂಬಿತು, ಸುಳ್ಳು ಹೇಳಲ್ಲ. ಆದರೆ ಕಾರ್ಟೂನ್ ಕಟ್ಟಿದ ಮೈಕಲ್ ಡಿಮಾರ್ಟಿನೊ, ಬ್ರಯಾನ್ ಕೊನಿಯೆಟ್ಸ್ಕೊ ಇಬ್ಬರೂ ಈ ಕೆಲಸದಿಂದ ಹೊರಬಂದಿದ್ದೇವೆ ಅಂತ 2020ರಲ್ಲೇ ಹೇಳಿದ್ದರು. ಯಾಕೆ ಅಂತ ನೋಡುತ್ತಾ ಹೋದ ಹಾಗೆ ಅರ್ಥವಾಯಿತು.

ಮೂಲದಲ್ಲಿ ಆ್ಯಂಗ್ ಓಡಿಹೋಗುತ್ತಾನೆ. ನೀನೇ ಅವತಾರ, ಇನ್ನು ನಿನ್ನನ್ನು ಸಾಕಿದ ಗುರುವಿನಿಂದ ದೂರ ಕಳಿಸುತ್ತೇವೆ ಅಂತ ಹಿರಿಯರು ತೀರ್ಮಾನಿಸಿದ್ದು ಕೇಳಿ, ಹೆದರಿ, ರಾತ್ರೋರಾತ್ರಿ ಅಪ್ಪಾನನ್ನು ಹತ್ತಿ ಓಡುತ್ತಾನೆ. ಅವನಿಲ್ಲದಾಗ ಅವನ ಜನ ಸಾಯುತ್ತಾರೆ. ಆ ತಪ್ಪು ಅವನ ಎದೆಯಲ್ಲಿ ಕೂರುತ್ತದೆ. ಹೊಸದರಲ್ಲಿ ಅವನು ಓಡುವುದೇ ಇಲ್ಲ. ಮನಸ್ಸು ಹಗುರ ಮಾಡಿಕೊಂಡು ಬರೋಣ ಅಂತ ಒಂದು ಸುತ್ತು ಹೋಗುತ್ತಾನೆ, ಬಿರುಗಾಳಿಗೆ ಸಿಕ್ಕಿಬೀಳುತ್ತಾನೆ. ತಪ್ಪೇ ಇಲ್ಲ! ಸೊಕ್ಕಾ ಮೊದಲು ಹುಡುಗಿಯರೆಂದರೆ ತಾತ್ಸಾರ ಮಾಡುವವನು. ಸುಕಿ ಅನ್ನುವ ಹೋರಾಟಗಾರ್ತಿಯ ಕೈಯಲ್ಲಿ ಸೋತು, ಮಂಡಿಯೂರಿ ಕಲಿಸಿಕೊಡು ಅಂತ ಕೇಳಿ, ಅವಳ ಹಾಗೆ ಉಡುಪು ತೊಟ್ಟು ಕಲಿಯುತ್ತಾನೆ. ಹೊಸದರಲ್ಲಿ ಆ ತಾತ್ಸಾರವನ್ನೇ ತೆಳು ಮಾಡಿದರು. ತಾತ್ಸಾರ ಇಲ್ಲದ ಮೇಲೆ ತಿದ್ದಿಕೊಳ್ಳುವುದು ಏನನ್ನು? ಮಕ್ಕಳ ತಪ್ಪನ್ನೆಲ್ಲ ಮೊದಲೇ ಒರೆಸಿ ಇಟ್ಟರೆ ಅವರು ಬೆಳೆಯುವುದನ್ನು ನಾವು ನೋಡುವುದು ಹೇಗೆ? ಆ್ಯಂಗ್‌ಗೆ ಆಡಲು ಬಿಡುವುದಿಲ್ಲ, ತಪ್ಪು ಮಾಡಲೂ ಬಿಡುವುದಿಲ್ಲ. ಹನ್ನೆರಡು ವರ್ಷದ ಹುಡುಗ ಇನ್ನೇನು ಮಾಡಬೇಕು?

"ದುಡ್ಡು ಹಾಕಿದವರ ಕಷ್ಟ ನಿನಗೇನು ಗೊತ್ತು, ಕಾರ್ಟೂನ್ ತಾನೇ" ಅನ್ನುವವರಿದ್ದಾರೆ. ಅವರಿಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಆಡುವ ಕುರುಕ್ಷೇತ್ರ ನಾಟಕ ತೋರಿಸಬೇಕು. ಪಾತ್ರ ಬೇಕಾದರೆ ರೈತರು ತಮ್ಮ ಜೇಬಿನಿಂದ ದುಡ್ಡು ಕೊಡುತ್ತಾರೆ. ಹಗಲು ಹೊಲ, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಪ್ರಾಕ್ಟೀಸ್. ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ಯಾರಾದರೂ ಒಂದು ಪದ್ಯ ನುಂಗಿದರೆ ಕೆಳಗೆ ಕಂಬಳಿ ಹೊದ್ದು ಕೂತ ತಾತ ಅಲ್ಲಿಂದಲೇ ಕೂಗುತ್ತಾರೆ. ಕರ್ಣನ ದುಃಖ ಬಿಟ್ಟು ಬರೀ ಬಾಣ ತೋರಿಸಿ ಮನೆಗೆ ಹೋಗಲು ಆ ಜನ ಬಿಡುವುದಿಲ್ಲ. ಹಾಗಂತ ವೈಭವ ಬೇಡ ಅಂತಲ್ಲ. ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಆನೆ ಬಂತು ಅಂತ ಅವರು ಕಥೆ ಬಿಡಲಿಲ್ಲ.

ಅಕ್ಕನ ಮಗಳ ಕೈಯಿಂದ ಮೊಬೈಲ್ ತೆಗೆದುಕೊಂಡು ಕಾರ್ಟೂನಿನ ಮೊದಲ ಕಂತು ಹಾಕಿಕೊಟ್ಟಿದ್ದೇನೆ. ಅವಳು ಚಿಕ್ಕವಳು, ಸರಿ ಹೋಗುತ್ತಾಳೆ. ನನಗೆ ಸಂಕಟ ಚಿಕ್ಕಪ್ಪನದು. ಅವತ್ತು ರಾತ್ರಿ ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಮೆಲ್ಲಗೆ ಕೇಳಿದ್ದರು. "ಇದನ್ನೇನಾ ನೀವು ದಿನಾ ಸಂಜೆ ನೋಡೋದು?" ಅಲ್ಲ ಚಿಕ್ಕಪ್ಪ, ಇದಲ್ಲ ಅದು, ಬೇರೆ ಥರ ಇದೆ ಅಂತ ಹೇಳಲು ಹೋದೆ. ಮಾತು ಬರಲಿಲ್ಲ. ಅವರು ಕಿಟಕಿ ಕಡೆ ತಿರುಗಿ ನಿದ್ದೆ ಹೋದರು. ಅವತ್ತಿನಿಂದ ಎಷ್ಟು ಸಲ ಕರೆದಿದ್ದೇನೆ, ಬನ್ನಿ, ಟೀ ಕುಡಿಯುವ ಆ ದೊಡ್ಡಪ್ಪನ ಒಂದು ಕಂತು ಕೂತು ನೋಡಿ, ನಿಮಗೆ ಖಂಡಿತ ಇಷ್ಟ ಆಗುತ್ತದೆ ಅಂತ. ಪ್ರತಿ ಸಲ ಅದೇ ಉತ್ತರ.

"ನೋಡಿದ್ದೀನಲ್ಲಪ್ಪಾ, ಬೆಂಗಳೂರಲ್ಲಿ."